ಹತ್ತು ಮಿಲಿಲೀಟರ್ ನೀರು

ಖಯೆಲಿಟ್ಶಾ. ಸಂಬಳದ ಶುಕ್ರವಾರ ಮುಗಿದು
ಶನಿವಾರಕ್ಕೆ ಎರಡು ಗಂಟೆ ವಯಸ್ಸು.
ಟ್ಯಾಕ್ಸಿಯಲ್ಲಿ ಕೂತೇ ಬಂದ ಹುಡುಗ,
ಮಲಗಿಸಿದರೆ ಮುಳುಗಿಬಿಡುತ್ತೇನೆ ಎಂಬಂತೆ
ಸೀಟಿನ ಕಂಬಿ ಬಿಡಲಿಲ್ಲ.
ಕೊರಳ ಎಡಕ್ಕೆ ಒತ್ತಿಕೊಂಡದ್ದು ತಂಗಿಯ ಶಾಲೆಯ ಸ್ವೆಟರ್,
ಹಸಿರು ಇತ್ತಂತೆ.

ಎತ್ತಿ ನೋಡಿದರೆ
ಅಂಗಿಯ ಕಾಜದಷ್ಟು ಗಾಯ. ಅಷ್ಟೇ.

ನನ್ನ ಬೆರಳು ತಾನೇ ಮುಂದೆ ಹೋಯಿತು.
“ಹಾಕಬೇಡಿ” ಎಂದರು ಸಿಸ್ಟರ್ ನೊಮಾವೆಥು,
ಇಪ್ಪತ್ತಾರು ವರ್ಷಗಳ ಶನಿವಾರ ಕಂಡವರು.
“ಕೋಲಿಳಿಸಿ ಆಳ ನೋಡೋದಕ್ಕೆ ಇದು ಬಾವಿಯಲ್ಲ ಡಾಕ್ಟರ್.
ಒಳಗೊಂದು ಹೆಪ್ಪು
ಕದಕ್ಕೆ ಬೆನ್ನು ಕೊಟ್ಟು ನಿಂತಿದೆ.
ಪಾಪ, ಅದನ್ನ ಕರೀಬೇಡಿ.”

ಆಮೇಲೆ ಅವನ ಕಡೆ ತಿರುಗಿ, ಮದುವೆಮನೆಯಲ್ಲಿ ಕೇಳುವ ಹಾಗೆ:
ಹೆಸರೇನಪ್ಪ?
ಲುವುಯೋ.
ಯಾವ ಕುಲ, ಯಾವ ಬೆಡಗು?
ಗಾಟ್ಯೇನಿ.
ಹೇಳು ಮತ್ತೆ, ಹಿರಿಯರನ್ನೆಲ್ಲ ಕರೆ.

ಉಪಚಾರದ ಮಾತು ಅಂದುಕೊಂಡೆ.
ಉಪಚಾರವೇ ಆಗಿತ್ತು.
ಅವರು ಹೆಸರು ಕೇಳುತ್ತಿರಲಿಲ್ಲ, ಕೊರಳು ಕೇಳುತ್ತಿದ್ದರು:
ದನಿ ಗೊಗ್ಗರಾಗುತ್ತಿದೆಯೇ,
ಉಗುಳು ನುಂಗುವಾಗ ಮುಖ ಕಿವುಚುತ್ತಾನೆಯೇ,
ಉಸಿರಿಗೆ ಗಾಯದ ಬಾಯಲ್ಲಿ ಗುಳ್ಳೆ ಏಳುತ್ತದೆಯೇ.
ಬಲಗೈಯ ಹಿಡಿತ ನೋಡಲು
ತಮ್ಮ ಎರಡು ಬೆರಳು ಅವನಿಗೆ ಕೊಟ್ಟಿದ್ದರು.
ಅಂಗೈಯಗಲದ ಓಣಿ ಅದು;
ಉಸಿರು, ಅನ್ನ, ನೆತ್ತರು, ಮಾತು
ಗೋಡೆಗೆ ಗೋಡೆ ತಾಗಿ ಬಾಡಿಗೆಗಿರುವ ಓಣಿ.
ಚಾಕು ಯಾರ ಮನೆಗೆ ನುಗ್ಗಿತೆಂದು
ಹೊರಗಿನಿಂದ ಹೇಳಲಾಗದು.

ಮಾಮಾಲಿ, ಎಂದ.
ನ್ದೊಂಡೆಲಾ, ಎನ್ನುವಾಗ ಕೆಮ್ಮು ಬಂತು,
ಹೆಪ್ಪು ಕದ ಬಿಟ್ಟಿತು.

ದೀಪದ ಗಾಜಿನವರೆಗೂ ಚಿಮ್ಮಿತು.
ತಲೆ ತಗ್ಗಿಸಿ ಮಲಗಿಸಿ, ಗಾಳಿ ಒಳಗೆಳೆದುಕೊಂಡೀತು!
ಯಾರು ಕೂಗಿದರೋ, ನಾನೇ ಇರಬಹುದು.
ಸಿಸ್ಟರ್ ಕೂಗಲಿಲ್ಲ. ಅವರ ಏಪ್ರನ್ ಜೇಬಿನಲ್ಲಿ
ಮುದುಕರ ವಾರ್ಡಿನ ಮೂತ್ರದ ನಳಿಕೆ,
ಆಗಲೇ ಪೊಟ್ಟಣ ಹರಿದದ್ದು.
ಚಾಕು ಬಂದ ದಾರಿಯಲ್ಲೇ ಅದನ್ನು ಕಳಿಸಿದೆವು.
ತುದಿಯ ಬಲೂನಿಗೆ ಹತ್ತು ಮಿಲಿಲೀಟರ್ ನೀರು.
ಎರಡು ಗುಟುಕೂ ಆಗದ ನೀರು
ಕತ್ತಲಲ್ಲಿ ಉಬ್ಬಿ, ರಕ್ತನಾಳಕ್ಕೆ ಹೆಗಲು ಕೊಟ್ಟು ನಿಂತಿತು.
ನಳಿಕೆಗೆ ಚಿಮುಟ, ಸುತ್ತ ಎರಡು ಹೊಲಿಗೆ.
ನಿಂತಿತು.
ಗೋಡೆಯ ಗಡಿಯಾರದ ಸದ್ದು ಆಗ ಕೇಳಿಸಿತು.

ದೊಡ್ಡಾಸ್ಪತ್ರೆಗೆ ನಲವತ್ತು ನಿಮಿಷ.
ಆಂಬ್ಯುಲೆನ್ಸಿನ ಮೆಟ್ಟಿಲಲ್ಲಿ ಬಗ್ಗಿ ಸಿಸ್ಟರ್ ಕೇಳಿದರು: ಮುಂದೆ?
ಬಾಣಲೆಯ ತಳ ಕೆರೆದಂಥ ದನಿಯಲ್ಲಿ
ಇನ್ನೊಬ್ಬ ಅಜ್ಜ ಹೊರಬಂದ.
ಹಾಂ, ಹೋಗಿ, ಎಂದರು ಚಾಲಕನಿಗೆ.

ಒಳಗೆ ಬೆಂಚಿನ ಮೇಲೆ ಇನ್ನೊಬ್ಬ ಹುಡುಗ ಬಹಳ ಹೊತ್ತಿನಿಂದ ಕಾದಿದ್ದ.
ಬಲ ಅಂಗೈ ಅಡ್ಡಕ್ಕೆ ಸೀಳಿತ್ತು,
ಹಿಡಿಯಿಂದ ಜಾರಿದ ಕೈ
ತನ್ನದೇ ಅಲಗಿನ ಮೇಲೆ ಹೋದರೆ ಸೀಳುವ ಹಾಗೆ.
ಯಾರೂ ಏನೂ ಕೇಳಲಿಲ್ಲ.
ನಾನು ಮದ್ದು ಚುಚ್ಚಿದೆ, ಸಿಸ್ಟರ್ ಹೊಲಿಗೆಗೆ ಕೂತರು,
ರೂಢಿಯಂತೆ, ನೋವು ಮರೆಯಲೆಂದು, ಕುಲ ಕೇಳಿದರು.

ಗಾಟ್ಯೇನಿ, ಎಂದ.

ಸೂಜಿ ತಟ್ಟೆಗಿಟ್ಟರು.
ಕನ್ನಡಕ ತೆಗೆದು ಒರೆಸಿದರು, ಕೊಳೆಯೇನೂ ಇರಲಿಲ್ಲ.
ಮತ್ತೆ ಸೂಜಿ ಎತ್ತಿಕೊಂಡು
ಕೈ ಅಲ್ಲಾಡಿಸಬೇಡ ಮಗನೇ, ಎಂದರು,
ಇನ್ನೂ ಐದು ಹೊಲಿಗೆ ಇದೆ.