ರೆಕ್ಕೆಯೊಳಗೆ ಬರೆದದ್ದು

ಜೋಗಿಮಟ್ಟಿಯ ಆಚೆ ದಿಣ್ಣೆಯ ಮೇಲೆ
ಹದಿನೇಳನೇ ನಂಬರಿನ ಗಾಳಿಫ್ಯಾನು.
ಅದರ ರೆಕ್ಕೆ ಸೀಳಿತ್ತು, ಎರಡು ಮೊಳ.
ಹಗ್ಗಕ್ಕೆ ಸೊಂಟ ಕೊಟ್ಟು ಹನ್ನೊಂದು ದಿನ ತೂಗಾಡಿ
ಉಜ್ಜಿ, ಬಟ್ಟೆ ಹಾಸಿ, ರಾಳ ಸವರಿ, ಮತ್ತೆ ಉಜ್ಜಿದೆ.
ಇಳಿದ ಮೇಲೆ ಸೂಪರ್‌ವೈಸರ್ ಫೋಟೋ ನೋಡಿ
‘ದಾದಾಪೀರ್, ಸೀಳಿದ್ದೆಲ್ಲಿ ತೋರಿಸು’ ಅಂದ.
ನನಗೇ ಸಿಗಲಿಲ್ಲ.

ಫ್ಯಾನು ಕಂಪನಿಯದು. ನಾನು ಕಂಪನಿಯವನಲ್ಲ,
ಏಜೆನ್ಸಿಯವನು.
ಏಜೆನ್ಸಿ ಅನ್ನುತ್ತದೆ, ಅಲ್ಲ, ನೀನು ನಿನ್ನವನೇ, ಸ್ವತಂತ್ರ,
ಕರಾರಿನ ಎರಡನೇ ಪುಟ ನೋಡು.
ನೋಡಿದೆ. ಇರುವೆ ಸಾಲಿನಂಥ ಅಕ್ಷರ:
ಕಂಪನಿಯಿಂದ ಹಣ ಬಂದ ನಲವತ್ತೈದು ದಿನಕ್ಕೆ.
ಕಂಪನಿಯಿಂದ ಬರುವುದು ಯಾವಾಗ?
ಅಲ್ಲಿ ಒಂದು ಇರುವೆಯೂ ಇರಲಿಲ್ಲ.

ಮೊದಲ ತಿಂಗಳು ಫೋನೆತ್ತಿದ ಹುಡುಗಿ, ಹೆಸರು ಚಂದ್ರಕಲಾ,
‘ಪ್ರೊಸೆಸ್‌ನಾಗ ಐತಿ ಸಾರ್.’
ಎರಡನೇ ತಿಂಗಳು,
‘ಬಿಲ್ಲು ಮ್ಯಾಲೆ ಹೋಗೈತಿ ಸಾರ್.’
ಮೇಲೆ ಅಂದರೆ ಎಷ್ಟು ಮೇಲೆ, ಕೇಳಲಿಲ್ಲ.
ಜಾಸ್ತಿ ಕೇಳಿದವನಿಗೆ ಮುಂದಿನ ಕೆಲಸ ಇಲ್ಲ
ಅಂತ ಓಬಳೇಶ ಹೇಳಿಕೊಟ್ಟಿದ್ದ.
ಅವನು ಕೇಳದೆಯೇ ಕೂತಿದ್ದಾನೆ,
ಹೋದ ದೀಪಾವಳಿಯಿಂದ.

ಅಂಗಡಿ ಕೊಟ್ರಪ್ಪನಿಗೆ ನಾನೂ ಅದನ್ನೇ ಅಂದೆ,
‘ಪ್ರೊಸೆಸ್‌ನಲ್ಲಿ ಐತೆ.’
ಬೆಲ್ಲ ತೂಗುತ್ತಿದ್ದವನು
ತಕ್ಕಡಿ ಹಿಡಿದುಕೊಂಡೇ ನಕ್ಕ.
ಆ ನಗುವಿಗೆ ಬಡ್ಡಿ ಇತ್ತು.
ಶಮೀಮ್ ನಗಲೂ ಇಲ್ಲ, ಬೈಯಲೂ ಇಲ್ಲ.
ಹೊಲಿಗೆ ಮಿಷನ್ನಿಗೆ ಮೋಟಾರು ತರುತ್ತೇನೆಂದಿದ್ದೆ.
ಅವಳ ಕಾಲು ರಾತ್ರಿಯೆಲ್ಲಾ
ತುಳಿಯುತ್ತಲೇ ಇತ್ತು.

ತೊಂಬತ್ತೆರಡನೇ ದಿನ ದಾವಣಗೆರೆ ಬಸ್ಸು ಹತ್ತಿದೆ.
ಪಿ.ಬಿ. ರಸ್ತೆ, ಬ್ಯಾಟರಿ ಅಂಗಡಿ, ಅದರ ಮೇಲೆ ಮೂರನೇ ಮಹಡಿ.
ಎಂಬತ್ತು ಮೀಟರು ಏರುವವನಿಗೆ
ಆ ಮೆಟ್ಟಿಲು ಯಾಕೋ ಎದೆಗೆ ಬಂತು.
ಬಾಗಿಲ ಮೇಲೆ ಬೋರ್ಡು: ನಿಮ್ಮ ನಾಳೆ, ನಮ್ಮ ಹೊಣೆ.
ಒಳಗೆ ಎಂಟು ಕುರ್ಚಿ, ಒಬ್ಬರೇ ಹೆಂಗಸು.
ಹುಡುಗಿಯ ದನಿ,
ತಲೆ ಮಾತ್ರ ನನ್ನಮ್ಮನಷ್ಟು ನರೆತದ್ದು.

ಬಸ್ಸಿನಲ್ಲಿ ಕಲಿತುಕೊಂಡು ಬಂದ ಜೋರು ಮಾತೆಲ್ಲ
ಬಾಯಲ್ಲೇ ಇತ್ತು, ಬೀಳಲಿಲ್ಲ.
ಆಕೆ ಕಂಪ್ಯೂಟರು ನನ್ನ ಕಡೆ ತಿರುಗಿಸಿದಳು.
ನಲವತ್ತಮೂರು ಹೆಸರು.
ಓಬಳೇಶ ಇದ್ದ. ನಾನಿದ್ದೆ, ಹೆಸರಲ್ಲೊಂದು ತಪ್ಪಿನೊಂದಿಗೆ.
ಕಟ್ಟಕಡೆಯ ಸಾಲಿಗೆ ಆಕೆಯ ಉಗುರು ನಿಂತಿತು:
ಚಂದ್ರಕಲಾ, ಐದು ತಿಂಗಳು.
‘ನನ್ನನ್ನ ಕಳಿಸಿದ್ದು ಬ್ಯಾರೆ ಏಜೆನ್ಸಿ, ಅಣ್ಣಾರ.
ನೀವು ನನಗ ಫೋನ್ ಮಾಡ್ತೀರಿ.
ನನಗ ನಾನ ಹೆಂಗ ಮಾಡ್ಲಿ?’

ಪೇಪರಿನ ಮೇಲೆ ಮಂಡಕ್ಕಿ ಸುರಿದು
ನಡುವೆ ಕೈಯಿಂದ ಗೆರೆ ಎಳೆದಳು, ಸಮಪಾಲು.
ಒಂದೇ ಒಂದು ಮಿರ್ಚಿ ಇತ್ತು.
ನನ್ನ ಕಡೆ ದಬ್ಬಿದಳು,
ಬಾಕಿಯ ಮೊದಲ ಕಂತು ಎಂಬಂತೆ.

ಮರುವಾರ ಮತ್ತೆ ಹದಿನೇಳಕ್ಕೇ ಕರೆ, ತಪಾಸಣೆ.
ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.
ತಲೆ ಬಗ್ಗಿಸಿ ರೆಕ್ಕೆಯ ಬುಡದೊಳಗೆ ನುಸುಳಿದೆ.
ಒಳಗೆ ಗುಹೆಯ ತಂಪು, ರಾಳದ ಹಳೇ ವಾಸನೆ.
ಜೇಬಿನ ಮಾರ್ಕರಿನಲ್ಲಿ ಬರೆದೆ, ಹೆಸರು,
ಹನ್ನೊಂದು ದಿನ, ದಿನಕ್ಕೆ ಇಷ್ಟು,
ತೊಂಬತ್ತೊಂಬತ್ತು ದಿನ ಆಯಿತು.
ಟೋಪಿ ಸರಿಮಾಡಿಕೊಂಡು ಹೊರಡುವವನು
ನಿಂತು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ,
ಆಕೆಯದು.

ಸಂಜೆ ಬ್ರೇಕು ಬಿಟ್ಟರು.
ರೆಕ್ಕೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ತಿರುಗಿತು.
ಗಾಳಿಗೆ ಯಾರ ಸಹಿಯೂ ಬೇಕಿರಲಿಲ್ಲ.
ಫೋನು ಮಾಡಿ ಅಂದೆ,
‘ಮೇಡಂ, ನಿಮ್ಮ ಬಿಲ್ಲು ಮೇಲೆ ಹೋಗೈತೆ.’
ಆ ಕಡೆ ತುಸು ಹೊತ್ತು ಬರೀ ಫ್ಯಾನಿನ ಸದ್ದು,
ಅವರ ಆಫೀಸಿನದೋ ನನ್ನ ತಲೆಯ ಮೇಲಿನದೋ.
‘ಎಲ್ಲಿಗಂಟ ಹೋಗೈತಿ ಸಾರ್?’
ನೋಡಿದೆ.
‘ತುದಿಗಂಟ. ಈಗ ಇಳೀತಾ ಐತೆ.
ತಡೀರಿ,
ಮತ್ತೆ ಹೋಯ್ತು.’