ತೂಕದ ಜವರಯ್ಯ

ಸಾಲಗಾಮೆ ರಸ್ತೆ ಬಿಟ್ಟು ಎರಡು ತಿರುವು,
ನೀರಿನ ಟ್ಯಾಂಕಿನ ಹಿಂದೆ
ಮೂವತ್ತು ವರ್ಷ ‘ಪಾರ್ಕಿನ ಜಾಗ’ ಎಂಬ ಬೋರ್ಡು ಹೊತ್ತು
ಕಸ ಸುಡಿಸಿಕೊಂಡ ನೆಲ ಅದು.
ಅಗೆದರೆ ಮೊದಲು ಸಿಕ್ಕಿದ್ದು
ಟ್ಯೂಬ್‌ಲೈಟಿನ ಚೂರು, ಒಂಟಿ ಚಪ್ಪಲಿ,
ಯಾರದೋ ಮದುವೆಯ ನೂರಾರು ಪ್ಲಾಸ್ಟಿಕ್ ಲೋಟ.

“ಇನ್ನೂ ಒಂದು ಮೊಳ ಹೋಗ್ರಿ” ಅಂದಳು ದ್ಯಾವಮ್ಮ,
ನಗರಸಭೆಯ ಪೊರಕೆ ಹಿಡಿದು ಸವೆದ ಕೈ ಸೊಂಟಕ್ಕಿಟ್ಟು.
“ಕಸ ಸುರಿದೋಳು ನಾನೇ ಅಲ್ವಾ, ನಂಗೊತ್ತು
ಮಣ್ಣು ಎಲ್ಲಿಂದ ಸುರುವಾಗ್ತದೆ ಅಂತ.”

ಆರು ಮನೆಯ ಮಕ್ಕಳು, ನಾಲ್ಕು ಮುದುಕರು,
ನಡುವೆ ನಾನು. ನಲವತ್ನಾಲ್ಕು,
ಎಲ್‌ಐಸಿ ಕಚೇರಿ, ಮಂಡಿನೋವು.
ಕಳೆ ಯಾವುದು ಸಸಿ ಯಾವುದು ತಿಳಿಯದೆ
ನೀರಿನ ಪೈಪು ಹಿಡಿಯುವುದಕ್ಕೆ ನೇಮಕಗೊಂಡವಳು.

ಮೇ ಕೊನೆಯ ವಾರ ಬಿತ್ತನೆ ಗಡ್ಡೆ ಬಂತು,
ಕೆಂಪು ಬಲೆಚೀಲದಲ್ಲಿ, ಜಲಂಧರದಿಂದ.
ಮೆಹರುನ್ನಿಸಾ ಆಪಾ ಹೋಳು ಮಾಡಿದರು.
ಹೋಳಿಗೊಂದು ಕಣ್ಣು ಇರಲೇಬೇಕಂತೆ,
ಕುರುಡು ಹೋಳು ಕೊಳೆತೇ ಹೋಗುತ್ತದಂತೆ.
ಅವರ ಮೊಮ್ಮಗ ಅಯಾನ್ ಒಂದನ್ನೆತ್ತಿ
ಮೂಗಿನ ಹತ್ತಿರ ಹಿಡಿದು ಕೇಳಿದ:
“ಮಣ್ಣೊಳಗೆ ಇದು ಏನು ನೋಡುತ್ತೆ?”

ಜವರಯ್ಯ ಮಾತ್ರ ಕಲ್ಲುಬೆಂಚು ಬಿಟ್ಟೇಳಲಿಲ್ಲ.
ಎಪಿಎಂಸಿ ಯಾರ್ಡಿನಲ್ಲಿ ನಲವತ್ತು ವರ್ಷ ತೂಕ ಹಾಕಿದವರು,
ಹಾಸನದ ಸೀಮೆಯ ಗಡ್ಡೆಯೆಲ್ಲ
ನನ್ನ ತಕ್ಕಡಿ ದಾಟೇ ಹೋದದ್ದು ಎನ್ನುವವರು.
ಮಕ್ಕಳು ಸಾಲು ಸೊಟ್ಟ ಮಾಡಿದರೆ ಬೈಗುಳ.
ನೆಟ್ಟ ಮೂರನೇ ದಿನ ಇಂಚರ ಹೋಳು ಕಿತ್ತು
ಬೇರು ಬಂತಾ ಅಂತ ನೋಡಿ ಮತ್ತೆ ಹೂತದ್ದಕ್ಕೆ
ಅವಳ ಅಜ್ಜಿಯವರೆಗೂ ಹೋದ ಬೈಗುಳ.
ತಿಂಗಳು ದಾಟಿದರೂ ಅವಳು ಬರಲಿಲ್ಲ.

ಬಂದಳು. ಮಳೆ ನಿಂತ ಒಂದು ಭಾನುವಾರ
ನೇರ ಸಾಲಿಗೆ ಹೋಗಿ, ಏನನ್ನೋ ಚಿವುಟಿ,
ಬೆಂಚಿನೆದುರು ಅಂಗೈ ಚಾಚಿ ನಿಂತಳು.
ಐದೆಸಳು, ಬಿಳಿಗೆ ಒಂಚೂರು ನೇರಳೆ,
ನಡುವೆ ಅರಿಶಿನದ ಮೂತಿ.

“ಬದನೆ ಹೂವಾ?”
“ಆಲೂಗಡ್ಡೆದು, ತಾತ.”
“ಹೋಗೇ. ಗಡ್ಡೆಗೆಲ್ಲ ಹೂವಾ?”

ಯಾರೂ ನಗಲಿಲ್ಲ. ದ್ಯಾವಮ್ಮ ಕುಡುಗೋಲು ಕೆಳಗಿಟ್ಟಳು.
ಮುದುಕರು ಎದ್ದರು, ಚಪ್ಪಲಿ ಬಿಟ್ಟು ಮಣ್ಣಿಗಿಳಿದರು,
ಸಾಲಿನ ತುದಿವರೆಗೂ ಹೋದರು,
ಪ್ರತಿ ಗಿಡದ ಮುಂದೆ ಸ್ವಲ್ಪ ಬಗ್ಗಿ,
ಮದುವೆಗೆ ತಡವಾಗಿ ಬಂದವರು
ಸಿಕ್ಕವರಿಗೆಲ್ಲ ಕೈಮುಗಿಯುವ ಹಾಗೆ.

“ಲಕ್ಷ ಮೂಟೆ ಎತ್ತಿದೀನಿ ಕಣವ್ವ,” ಅಂದರು ಇಂಚರಳಿಗೆ,
“ಒಂದೂ ಹೇಳ್ಲಿಲ್ಲ.”

ಆಗಸ್ಟಿನಲ್ಲಿ ಅಂಗಮಾರಿ ಬಂತು.
ಎರಡೇ ರಾತ್ರಿಯಲ್ಲಿ ಅರ್ಧ ಪಾತಿ ಕಪ್ಪು.
ಉಳಿದದ್ದನ್ನು ಕಿತ್ತು ಗೋಣಿಗೆ ತುಂಬಿದೆವು.
ಜವರಯ್ಯ ಬಾಯಿ ಹಿಡಿದು ಒಮ್ಮೆ ಎತ್ತಿ
“ಹನ್ನೊಂದು ಮುಕ್ಕಾಲು” ಅಂದರು.
ಮೂಲೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ತಂದ ಅಯಾನ್ ಓದಿದ:
ಹನ್ನೊಂದು, ಆರುನೂರು.
“ಆ ಡಬ್ಬಿಗೇನು ಗೊತ್ತು” ಅಂದರು.

ಗೋಲಿಯಷ್ಟಿರುವುದನ್ನೆಲ್ಲ ಯಾರ್ಡಿನಲ್ಲಿ
ದನಕ್ಕೆ ಎಸೆಯುತ್ತಿದ್ದರಂತೆ.
ಈಗ ಒಂದೊಂದನ್ನೂ ಪಂಚೆಯಲ್ಲಿ ಒರೆಸಿ
ಕಣ್ಣು ಎಣಿಸುತ್ತ ಕೂತಿದ್ದಾರೆ. ಪಕ್ಕದಲ್ಲಿ ಇಂಚರ,
ಲೆಕ್ಕ ತಪ್ಪಿದಾಗೆಲ್ಲ ಬೈಯುತ್ತ.

ಹೀರೆಯ ಪಾತಿಗೆಂದು ಹಿಡಿದ ಪೈಪು
ಯಾವಾಗಿನಿಂದಲೋ
ನನ್ನ ಕಾಲಿಗೇ ನೀರು ಹಾಯಿಸುತ್ತಿದೆ.