ಎಂಟು ಬಾಕಿ

ವೆಂಕಟರವಣಪ್ಪ ಮೇಷ್ಟ್ರು ಬೋರ್ಡಿನ ನಡುವೆ
ಉದ್ದಕ್ಕೊಂದು ಗೆರೆ ಎಳೆದು
ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿ ಹೇಳುತ್ತಿದ್ದರು:
"ಎಡಕ್ಕೆ ಖರ್ಚು, ಬಲಕ್ಕೆ ಜಮಾ.
ಪಡೆದವರು ಎಡಕ್ಕೆ, ಕೊಟ್ಟವರು ಬಲಕ್ಕೆ.
ಒಂದೇ ಕಡೆ ಬರೆದು ಸುಮ್ಮನಾದರೆ
ಅದು ಲೆಕ್ಕವಲ್ಲ, ಚಾಡಿ."

ತಿಂಗಳ ಪ್ರಾಜೆಕ್ಟು: ಯಾರದಾದರೂ ನಿಜದ ಲೆಕ್ಕ ಬರೆದು ತನ್ನಿ.
ಮುನಿಶಾಮಿ ಹಾಲಿನ ಡೇರಿ ಹಿಡಿದ,
ರೂಪಕಲಾ ಅವರಣ್ಣನ ಪಂಕ್ಚರ್ ಅಂಗಡಿ.
ನನಗೆ ಮನೆಯ ಹಿಂದೆಯೇ ಇತ್ತು
ಆರು ಬೇಸಿನ್ನಿನ ನೂಲು ಬಿಚ್ಚುವ ಶೆಡ್ಡು,
ಶಿಡ್ಲಘಟ್ಟವೆಲ್ಲ ಉಸಿರಾಡುವ ಅದೇ ಬೆಂದ ಹುಳದ ವಾಸನೆ,
ಮತ್ತು ಲೆಕ್ಕವನ್ನು
ಕ್ಯಾಲೆಂಡರಿನ ಬೆನ್ನಲ್ಲೂ ಬೀಡಿಕಟ್ಟಿನ ಕಾಗದದಲ್ಲೂ
ಮಿಕ್ಕದ್ದನ್ನು ತಲೆಯಲ್ಲೂ ಇಟ್ಟುಕೊಂಡ ಅಬ್ಬಾ.

"ಶೆಡ್ಡು ಬೇರೆ, ನೀವು ಬೇರೆ" ಅಂದೆ ಮೊದಲ ದಿನವೇ.
"ಗಲ್ಲಾದಿಂದ ಚಹಾಕ್ಕೆ ತೆಗೆದ ಮೂರು ರೂಪಾಯಿ
ನೀವು ಶೆಡ್ಡಿನಿಂದ ಪಡೆದದ್ದು. ಬರೀತೀನಿ."
ಅಬ್ಬಾ ನಕ್ಕರು: "ನನ್ನ ಜೇಬಿಂದ ನಾನೇ ಕದ್ದೆ ಅಂತ
ದೂರು ಬರೀತಿದಾಳೆ ನೋಡ್ರಪ್ಪಾ."
ಆದರೂ ಮಾರನೆಯ ದಿನದಿಂದ
ಬಾಗಿಲಲ್ಲೇ ನಿಂತು ಕೂಗುತ್ತಿದ್ದರು: "ಮೂರು! ಬರ್ಕೋ."

ಗೂಡಿನ ಲಾಟು, ಸೌದೆ, ಕರೆಂಟು,
ನೂಲು ಮಾರಿದ್ದು, ಸತ್ತ ಹುಳ ಮಾರಿದ್ದು.
ದಿನವಹಿಯಿಂದ ಖಾತೆಗೆ, ಖಾತೆಯಿಂದ ತಾಳೆಪಟ್ಟಿಗೆ.
ಮೂವತ್ತನೆಯ ರಾತ್ರಿ, ಕೊನೆಗೆ ಎರಡು ಗೆರೆ ಎಳೆಯಲು
ಸ್ಕೇಲು ಇಟ್ಟರೆ
ಎಡಕ್ಕೆ ಆರುನೂರ ಮೂವತ್ತು ಕಡಿಮೆ.

ಕೂಡಿದೆ. ಕೆಳಗಿನಿಂದ ಮೇಲಕ್ಕೆ ಕೂಡಿದೆ.
ಲೈಟು ಆರಿಸು ಎಂದಳು ಅಮ್ಮಿ.
"ಇತರೆ ಅಂತ ಹಾಕಿ ಮುಗಿಸು" ಎಂದರು ಅಬ್ಬಾ ಮಗ್ಗುಲಾಗಿ,
ಲೋಕದ ಅರ್ಧ ಲೆಕ್ಕ ಆ 'ಇತರೆ'ಯಲ್ಲೇ
ಹೊದ್ದು ಮಲಗಿರುವುದನ್ನು ಬಲ್ಲವರಂತೆ.
ಆಗ ನೆನಪಾಯಿತು ಮೇಷ್ಟ್ರ ಮಾತು:
ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ
ಅಂಕಿ ಜಾಗ ಬದಲಿಸಿರಬಹುದು, ಹುಡುಕು.
ಒಂಬತ್ತೇಳಲಿ ಅರವತ್ತಮೂರು, ಸೊನ್ನೆ ಪಕ್ಕಕ್ಕೆ.

ಸಿಕ್ಕಿತು, ಕೂಲಿ ಖಾತೆಯ ಕೊನೆಯ ಸಾಲಿನಲ್ಲಿ:
ದಿನವಹಿಯಲ್ಲಿ ಗಂಗುಲಮ್ಮ, ಎಂಟುನೂರ ಹತ್ತು.
ಖಾತೆಯಲ್ಲಿ ನೂರ ಎಂಬತ್ತು.
ಎಂಟೂ ಒಂದೂ ಬೆಂಚು ಬದಲಿಸಿ ಕೂತಿದ್ದವು,
ಒಬ್ಬರಿಗೊಬ್ಬರು ಹಾಜರಿ ಕೂಗುವ ಹುಡುಗರ ಹಾಗೆ.

ಬೆಳಿಗ್ಗೆ ಬಿಸಿನೀರಿನ ಮುಂದೆ ಕೂತಿದ್ದವಳಿಗೆ
ನಗುತ್ತ ಹೇಳಿದೆ. ಅವಳು ನಗಲಿಲ್ಲ.
ಬೆಳ್ಳಗೆ ಮುದುರಿದ ಬೆರಳು ಸೆರಗಿಗೆ ಒರೆಸಿ
ಕಿಟಕಿಯಲ್ಲಿದ್ದ ಪೌಡರು ಡಬ್ಬ ಬಗ್ಗಿಸಿದಳು.
ಒಂಬತ್ತು ಹುಣಸೆಬೀಜ.
"ಈ ಲಾಟಿಗೆ, ದಿನಕ್ಕೊಂದು. ತೊಂಬತ್ತರಂತೆ.
ನೂರ ಎಂಬತ್ತು ಅಂದ್ರೆ ಎರಡೇ ಬೀಜ ಅಲ್ವಾ ಮಗಾ?
ಹಂಗಾದ್ರೆ ಮಿಕ್ಕ ಏಳು ದಿನ
ನಾನು ಎಲ್ಲಿದ್ದೆ?"

ನಾನು ಕಲಿತ ಜೋಡಿ ನಮೂದಿನಲ್ಲಿ
ಎಡವೂ ಬಲವೂ ನಮ್ಮ ಪುಸ್ತಕದೊಳಗೇ ಮುಗಿಯುತ್ತಿದ್ದವು.
ನಮ್ಮ ಎಡ ಇನ್ನೊಬ್ಬರ ಡಬ್ಬದಲ್ಲಿ
ಬೀಜವಾಗಿ ಗಲಗಲ ಅನ್ನುವುದು ಪಾಠದಲ್ಲಿರಲಿಲ್ಲ.

ರಬ್ಬರು ಮುಟ್ಟಲಿಲ್ಲ. ತಪ್ಪು ಓದುವಂತೆ ಉಳಿಯಬೇಕು, ಅದು ನಿಯಮ.
ಒಂದೇ ಗೆರೆ ಹೊಡೆದು, ಮೇಲೆ ಎಂಟುನೂರ ಹತ್ತು ಬರೆದು,
ಪಕ್ಕದಲ್ಲಿ ಸಹಿ: ಮುಬೀನ.

ಈಗ ನನ್ನ ಮೇಜಿನ ಕಂಪ್ಯೂಟರು
ತಾಳೆಯಾಗದ ನಮೂದನ್ನು ಹೊಸ್ತಿಲು ದಾಟಲೂ ಬಿಡುವುದಿಲ್ಲ.
ಎರಡೂ ಕಡೆ ನೂರ ಎಂಬತ್ತೇ ಹಾಕಿದರೆ ಮಾತ್ರ
ಏನೂ ಕೇಳದೆ ಒಳಗೆ ಕರೆದುಕೊಳ್ಳುತ್ತದೆ.

ಆವತ್ತು ಮೇಷ್ಟ್ರು ಪುಸ್ತಕ ಮೂಗಿಗೆ ಹಿಡಿದು
"ಊರಿನದೇ ವಾಸನೆ" ಎಂದರು.
ಕೂಲಿಯ ಸಾಲಿನ ಪಕ್ಕ, ಗಂಗುಲಮ್ಮನನ್ನು ಬೇಡಿ ತಂದು
ಅಂಟಿಸಿದ್ದ ಒಂದು ಬೀಜದ ಮೇಲೆ ಬೆರಳಿಟ್ಟು,
"ಇದೇನಮ್ಮಾ?"
"ಓಚರು, ಸಾರ್."
ಕನ್ನಡಕ ತೆಗೆದರು, ಮತ್ತೆ ಹಾಕಿದರು,
ದಿನವಹಿ ತಿರುವಿ ದಿನಗಳನ್ನು ಎಣಿಸಿದರು.
ಆಮೇಲೆ ಕೆಂಪು ಇಂಕಿನಲ್ಲಿ, ಬೀಜದ ಕೆಳಗೆ, ಸಣ್ಣಗೆ:
ಎಂಟು ಬಾಕಿ.